ತಂಡ ಯಾರದ್ದು: ಊರಿನದೋ, ಮಾಲೀಕರದೋ?

1960ರ ದಶಕದಲ್ಲಿ ಅಮೆರಿಕದ ಬೋಯಿಂಗ್ ಕಂಪನಿ ಶಬ್ದಕ್ಕಿಂತ ವೇಗವಾಗಿ ಹಾರುವ ಪ್ರಯಾಣಿಕರ ವಿಮಾನ ತಯಾರಿಸಲು ಹೊರಟಿತ್ತು. ಆಗ ಕಂಪನಿಯ ನೆಲೆ ಸಿಯಾಟಲ್ ನಗರ. 1967ರಲ್ಲಿ ಆ ನಗರಕ್ಕೆ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ತಂಡ ಸಿಕ್ಕಾಗ ವಿಮಾನದ ಹೆಮ್ಮೆಯಲ್ಲೇ ಅದಕ್ಕೆ ‘ಸೂಪರ್‌ಸಾನಿಕ್ಸ್’ ಎಂದು ಹೆಸರಿಟ್ಟರು. 1971ರಲ್ಲಿ ಅಮೆರಿಕದ ಸಂಸತ್ತು ಯೋಜನೆಗೆ ಹಣ ನಿಲ್ಲಿಸಿತು; ವಿಮಾನ ನೆಲ ಬಿಟ್ಟು ಏಳಲೇ ಇಲ್ಲ. ತಂಡ ಮಾತ್ರ 41 ವರ್ಷ ಆಡಿತು. 1979ರಲ್ಲಿ ಚಾಂಪಿಯನ್ ಕೂಡ ಆಯಿತು. ಆಮೇಲೆ 2008ರಲ್ಲಿ ಆ ತಂಡವೂ ಊರು ಬಿಟ್ಟಿತು.

ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವ ನಾನು ಸೆಮಿನಾರ್‌ಗಾಗಿ ಆ ವಿಮಾನದ ಬಗ್ಗೆ ಓದಲು ಹೋಗಿ ಈ ತಂಡದ ಕಥೆಗೆ ಸಿಕ್ಕಿಬಿದ್ದೆ. ನಮ್ಮ ಹಾಸ್ಟೆಲ್‌ನಲ್ಲಿ ಬೆಳಗಿನ ಜಾವ ಎದ್ದು ಎನ್‌ಬಿಎ ನೋಡುವ ನಾಲ್ಕೈದು ಮಂದಿ ಇದ್ದೇವೆ. 2025ರಲ್ಲಿ ಒಕ್ಲಹೋಮ ಸಿಟಿ ಥಂಡರ್ ತಂಡ ಇಂಡಿಯಾನ ಪೇಸರ್ಸ್ ವಿರುದ್ಧ ಏಳನೇ ಪಂದ್ಯದವರೆಗೂ ಹೋಗಿ ಪ್ರಶಸ್ತಿ ಗೆದ್ದಾಗ ನಾವೂ ಕುಣಿದಿದ್ದೆವು. ಲೀಗ್‌ನ ದಾಖಲೆಯ ಪ್ರಕಾರ ಅದು ಆ ಫ್ರಾಂಚೈಸಿಯ ಎರಡನೇ ಪ್ರಶಸ್ತಿ. ಮೊದಲನೆಯದು ಯಾವುದು ಗೊತ್ತೆ? 1979ರದ್ದು, ಸಿಯಾಟಲ್‌ನದ್ದು! ಊರು ಬೇರೆ, ಹೆಸರು ಬೇರೆ, ಜೆರ್ಸಿಯ ಬಣ್ಣ ಬೇರೆ. ಕಾಗದದಲ್ಲಿ ಮಾತ್ರ ಎರಡೂ ಒಂದೇ ತಂಡ.

ಹಾಗಾದರೆ ತಂಡ ಅಂದರೆ ಏನು? ಆಟಗಾರರೇ, ಊರೇ, ಹೆಸರೇ, ಅಥವಾ ಮಾಲೀಕರ ಬೀರುವಿನಲ್ಲಿರುವ ಪತ್ರವೇ? ಈ ಪ್ರಶ್ನೆ ಹಿಡಿದು ಎನ್‌ಬಿಎ ಚರಿತ್ರೆ ಓದುತ್ತಾ ಹೋದಂತೆ, ಕೆಲಸ ಹುಡುಕಲು ಹೊರಟಿರುವ ನಮ್ಮಂಥವರಿಗೂ ಅದರಲ್ಲಿ ಕಲಿಯುವುದು ಸಾಕಷ್ಟಿದೆ ಅನ್ನಿಸಿತು.

ಮೊದಲ ಪಂದ್ಯ ಆಡಿದವರೇ ಉಳಿಯಲಿಲ್ಲ

ಎನ್‌ಬಿಎ ತನ್ನ ಮೊದಲ ಪಂದ್ಯ ಎಂದು ಲೆಕ್ಕ ಹಾಕುವುದು 1946ರ ನವೆಂಬರ್ 1ರಂದು ಕೆನಡಾದ ಟೊರಾಂಟೊದಲ್ಲಿ ನಡೆದ ಆಟವನ್ನು. ಆತಿಥೇಯ ತಂಡ ಟೊರಾಂಟೊ ಹಸ್ಕೀಸ್, ಎದುರಾಳಿ ನ್ಯೂಯಾರ್ಕ್. ಹಸ್ಕೀಸ್ 66–68ರಿಂದ ಸೋತಿತು. ಅಷ್ಟೇ ಅಲ್ಲ, ಆ ಒಂದೇ ಋತು ಆಡಿ ಬಾಗಿಲು ಹಾಕಿತು. ಅದರ ಜತೆಗೆ ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್, ಪಿಟ್ಸ್‌ಬರ್ಗ್ ತಂಡಗಳೂ ಮುಚ್ಚಿದವು. ಆ ವರ್ಷ ಆರಂಭವಾದ 11 ತಂಡಗಳಲ್ಲಿ ಇಂದು ಉಳಿದಿರುವುದು ಮೂರೇ: ನ್ಯೂಯಾರ್ಕ್ ನಿಕ್ಸ್, ಬಾಸ್ಟನ್ ಸೆಲ್ಟಿಕ್ಸ್ ಮತ್ತು ಫಿಲಡೆಲ್ಫಿಯಾ ಬಿಟ್ಟು ಕ್ಯಾಲಿಫೋರ್ನಿಯಾ ಸೇರಿದ ವಾರಿಯರ್ಸ್.

1949ರಲ್ಲಿ ಎರಡು ಲೀಗ್‌ಗಳು ಸೇರಿ ಎನ್‌ಬಿಎ ಎಂಬ ಹೆಸರು ಬಂದಾಗ ತಂಡಗಳ ಸಂಖ್ಯೆ 17. ಐದಾರು ವರ್ಷಗಳಲ್ಲಿ ಅದು 8ಕ್ಕೆ ಇಳಿಯಿತು. ಸಣ್ಣ ಪಟ್ಟಣಗಳು, ಸಣ್ಣ ಸಭಾಂಗಣಗಳು, ಟಿಕೆಟ್ ಹಣ ಬಿಟ್ಟರೆ ಬೇರೆ ಆದಾಯವಿಲ್ಲ. ಕೊನೆಯದಾಗಿ ಮುಚ್ಚಿದ್ದು ಬಾಲ್ಟಿಮೋರ್ ಬುಲೆಟ್ಸ್. 1948ರಲ್ಲಿ ಪ್ರಶಸ್ತಿ ಗೆದ್ದ ಈ ತಂಡ 1954ರ ನವೆಂಬರ್‌ನಲ್ಲಿ, ಋತುವಿನ ನಡುವೆಯೇ, 14 ಪಂದ್ಯ ಆಡಿ ನಿಂತುಹೋಯಿತು. ನಮ್ಮ ಐಪಿಎಲ್‌ನಲ್ಲಿ 2009ರ ಚಾಂಪಿಯನ್ ಡೆಕ್ಕನ್ ಚಾರ್ಜರ್ಸ್ 2012ರಲ್ಲಿ ಇಲ್ಲವಾಯಿತಲ್ಲ, ಹಾಗೆ. ಕಪ್ ಗೆದ್ದ ಮಾತ್ರಕ್ಕೆ ತಂಡ ಉಳಿಯುತ್ತದೆ ಎಂಬ ಖಾತರಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

1954ರ ನಂತರ ಎನ್‌ಬಿಎಯಲ್ಲಿ ಯಾವ ತಂಡವೂ ಮುಚ್ಚಿಲ್ಲ. ಮುಚ್ಚುವ ಬದಲು ಮಾರಾಟವಾಗುತ್ತವೆ, ಇಲ್ಲವೇ ಊರು ಬದಲಿಸುತ್ತವೆ. ಫ್ರಾಂಚೈಸಿ ಎಂದರೆ ಲೀಗ್ ಕೊಟ್ಟ ಪರವಾನಗಿ. ಅದರ ಸಂಖ್ಯೆ ಕಡಿಮೆ, ಬೇಡಿಕೆ ಜಾಸ್ತಿ. ಹಾಗಾಗಿ ನಷ್ಟದ ತಂಡವನ್ನೂ ಕೊಳ್ಳಲು ಯಾರೋ ಒಬ್ಬರು ಸಿಗುತ್ತಾರೆ. ಹೆಸರುಗಳೇ ಆ ಗುಳೆಯ ಕಥೆ ಹೇಳುತ್ತವೆ. ಮರುಭೂಮಿಯಂಥ ದಕ್ಷಿಣ ಕ್ಯಾಲಿಫೋರ್ನಿಯಾದ ತಂಡಕ್ಕೆ ‘ಲೇಕರ್ಸ್’ ಎಂಬ ಹೆಸರೇಕೆ? ಅದು ಸಾವಿರಾರು ಕೆರೆಗಳ ಮಿನೆಸೋಟ ರಾಜ್ಯದಿಂದ ಬಂದದ್ದು. ಯೂಟಾದ ‘ಜಾಝ್’, ಆ ಸಂಗೀತದ ತವರಾದ ನ್ಯೂ ಆರ್ಲಿಯನ್ಸ್‌ನಿಂದ 1979ರಲ್ಲಿ ಹೊರಟದ್ದು.

1978ರಲ್ಲಂತೂ ಇಬ್ಬರು ಮಾಲೀಕರು ತಂಡಗಳನ್ನೇ ಅದಲುಬದಲು ಮಾಡಿಕೊಂಡರು. ಬಾಸ್ಟನ್ ಸೆಲ್ಟಿಕ್ಸ್ ಮಾಲೀಕ ಇರ್ವ್ ಲೆವಿನ್‌ಗೆ ಕ್ಯಾಲಿಫೋರ್ನಿಯಾದಲ್ಲಿ ತಂಡ ಬೇಕಿತ್ತು. ಸೆಲ್ಟಿಕ್ಸ್‌ನಂಥ ತಂಡವನ್ನು ಬಾಸ್ಟನ್‌ನಿಂದ ಕೀಳುವುದು ಆಗದ ಮಾತು. ಬಫಲೊ ಬ್ರೇವ್ಸ್ ತಂಡದ ಮಾಲೀಕ ಜಾನ್ ವೈ. ಬ್ರೌನ್ ಜತೆ ಮಾತಾಯಿತು: ನೀನು ಬಾಸ್ಟನ್ ತಗೋ, ನಾನು ಬಫಲೊ ತಗೋತೀನಿ. ಲೆವಿನ್ ಆ ತಂಡವನ್ನು ಸ್ಯಾನ್ ಡಿಯಾಗೊಕ್ಕೆ ಒಯ್ದು ‘ಕ್ಲಿಪ್ಪರ್ಸ್’ ಎಂದು ಕರೆದರು. ಬಫಲೊ ಜನ ಆ ದಿನದಿಂದ ಎನ್‌ಬಿಎ ತಂಡವಿಲ್ಲದೆ ಇದ್ದಾರೆ.

ಒಂದು ವಾಕ್ಯಕ್ಕೆ 50 ಕೋಟಿ ಡಾಲರ್

ತಂಡ ಮುಳುಗಿದರೂ ಮಾಲೀಕರು ತೇಲಿದ ಕಥೆ ಇನ್ನೂ ಸ್ವಾರಸ್ಯದ್ದು. 1967ರಿಂದ ಎನ್‌ಬಿಎಗೆ ಪೈಪೋಟಿಯಾಗಿ ಎಬಿಎ ಎಂಬ ಲೀಗ್ ಇತ್ತು. 1976ರಲ್ಲಿ ಅದು ಸೋತು ಕೈಚೆಲ್ಲಿದಾಗ, ಎನ್‌ಬಿಎ ಅದರ ನಾಲ್ಕು ತಂಡಗಳನ್ನು ಮಾತ್ರ ಒಳಗೆ ಬಿಟ್ಟುಕೊಂಡಿತು: ನೆಟ್ಸ್, ನಗೆಟ್ಸ್, ಪೇಸರ್ಸ್, ಸ್ಪರ್ಸ್. ಹೊರಗುಳಿದ ಕೆಂಟಕಿ ಕರ್ನಲ್ಸ್ ತಂಡದ ಮಾಲೀಕ, ಮೇಲೆ ಹೇಳಿದ ಅದೇ ಜಾನ್ ಬ್ರೌನ್, ನಗದು ಪರಿಹಾರ ತೆಗೆದುಕೊಂಡು ಪಕ್ಕಕ್ಕೆ ಸರಿದರು.

ಇನ್ನೊಂದು ತಂಡ ಸ್ಪಿರಿಟ್ಸ್ ಆಫ್ ಸೇಂಟ್ ಲೂಯಿಸ್. ಅದರ ಮಾಲೀಕರು ಓಝಿ ಮತ್ತು ಡೇನಿಯಲ್ ಸಿಲ್ನಾ ಎಂಬ ಅಣ್ಣತಮ್ಮಂದಿರು. ಅವರು 22 ಲಕ್ಷ ಡಾಲರ್ ನಗದಿನ ಜತೆಗೆ ಇನ್ನೊಂದು ಷರತ್ತು ಬರೆಸಿಕೊಂಡರು. ಒಳಗೆ ಹೋದ ನಾಲ್ಕೂ ತಂಡಗಳಿಗೆ ಬರುವ ಟಿ.ವಿ. ಆದಾಯದಲ್ಲಿ ತಲಾ ಏಳನೇ ಒಂದು ಪಾಲು ತಮಗೆ ಬರಬೇಕು, ಅದೂ ಲೀಗ್ ಇರುವಷ್ಟು ಕಾಲ. ಆಗ ಬ್ಯಾಸ್ಕೆಟ್‌ಬಾಲ್‌ಗೆ ಟಿ.ವಿ.ಯಲ್ಲಿ ಅಂಥ ಬೆಲೆ ಇರಲಿಲ್ಲ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮುಂದೆ ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್, ಮೈಕಲ್ ಜೋರ್ಡನ್ ಬಂದರು, ಟಿ.ವಿ. ಹಣ ಹೊಳೆಯಂತೆ ಹರಿಯಿತು. ಎನ್‌ಬಿಎಯಲ್ಲಿ ಒಂದೇ ಒಂದು ಪಂದ್ಯ ಆಡದ ತಂಡದ ಹೆಸರಲ್ಲಿ ಆ ಸೋದರರಿಗೆ ವರ್ಷ ವರ್ಷವೂ ಚೆಕ್ ಬರತೊಡಗಿತು. ಕೊನೆಗೆ 2014ರಲ್ಲಿ, ಆ ಹಕ್ಕಿನ ಬಹುಪಾಲನ್ನು ಬಿಟ್ಟುಕೊಡುವುದಕ್ಕಾಗಿ ಲೀಗ್ ಅವರಿಗೆ 50 ಕೋಟಿ ಡಾಲರ್ ಕೊಡಲು ಒಪ್ಪಿತು.

ಈ ಕಥೆ ಓದಿದವರೆಲ್ಲ ಸಿಲ್ನಾ ಸೋದರರ ಜಾಣತನವನ್ನು ಹೊಗಳುತ್ತಾರೆ. ನನಗೆ ಅದರ ಜತೆಗೇ ಸೇಂಟ್ ಲೂಯಿಸ್ ಜನರೂ ನೆನಪಾದರು. ಮಾಲೀಕರ ಕೈಯಲ್ಲಿ ಒಂದು ಪತ್ರ ಇತ್ತು, ಅವರು ಬದುಕಿಕೊಂಡರು. ಚಪ್ಪಾಳೆ ತಟ್ಟಿದವರ ಕೈಯಲ್ಲಿ ಹರಿದ ಟಿಕೆಟ್ ಮಾತ್ರ ಇತ್ತು.

‘ಪ್ರಾಮಾಣಿಕ ಪ್ರಯತ್ನ’ವೂ ಒಂದು ತಾರೀಖೂ

ಈಗ ಸಿಯಾಟಲ್‌ಗೆ ಬರೋಣ. ಸ್ಟಾರ್‌ಬಕ್ಸ್ ಕಾಫಿ ಕಂಪನಿಯನ್ನು ಬೆಳೆಸಿದ ಹೊವಾರ್ಡ್ ಶುಲ್ಟ್ಸ್ ಮತ್ತು ಪಾಲುದಾರರು 2001ರಲ್ಲಿ 20 ಕೋಟಿ ಡಾಲರ್‌ಗೆ ಸೂಪರ್‌ಸಾನಿಕ್ಸ್ ಕೊಂಡರು. ಮಹಿಳಾ ಲೀಗ್‌ನ ಸಿಯಾಟಲ್ ಸ್ಟಾರ್ಮ್ ತಂಡವೂ ಆ ವ್ಯವಹಾರದಲ್ಲಿತ್ತು. ಕ್ರೀಡಾಂಗಣ ಚಿಕ್ಕದು, ನಷ್ಟವಾಗುತ್ತಿದೆ, ಸಾರ್ವಜನಿಕ ಹಣದಲ್ಲಿ ನವೀಕರಿಸಿಕೊಡಿ ಎಂದು ಅವರು ಕೇಳಿದರು. ಸರ್ಕಾರ ಒಪ್ಪಲಿಲ್ಲ. 2006ರಲ್ಲಿ 35 ಕೋಟಿ ಡಾಲರ್‌ಗೆ ಎರಡೂ ತಂಡಗಳನ್ನು ಒಕ್ಲಹೋಮ ಸಿಟಿಯ ಉದ್ಯಮಿ ಕ್ಲೇ ಬೆನೆಟ್ ಅವರ ಗುಂಪಿಗೆ ಮಾರಿದರು.

ಮಾರುವಾಗ ಒಂದು ಮಾತು ಬರೆದುಕೊಂಡಿದ್ದರು: ಹೊಸ ಮಾಲೀಕರು ಒಂದು ವರ್ಷ ಸಿಯಾಟಲ್ ಪ್ರದೇಶದಲ್ಲೇ ತಂಡ ಉಳಿಸಲು ಪ್ರಾಮಾಣಿಕ ಪ್ರಯತ್ನ ಮಾಡಬೇಕು. ಬೆನೆಟ್ ಪಕ್ಕದ ರೆಂಟನ್ ಪಟ್ಟಣದಲ್ಲಿ ಸುಮಾರು 50 ಕೋಟಿ ಡಾಲರ್‌ನ ಹೊಸ ಕ್ರೀಡಾಂಗಣಕ್ಕೆ ತೆರಿಗೆ ಹಣ ಕೇಳಿದರು. ರಾಜ್ಯದ ಶಾಸಕರು ಒಲ್ಲೆ ಎಂದರು. ಅಷ್ಟರಲ್ಲಾಗಲೇ ಸಿಯಾಟಲ್ ಮತದಾರರೂ ಲಾಭ ತರದ ಕ್ರೀಡಾಂಗಣಕ್ಕೆ ನಗರದ ಹಣ ಹಾಕಬಾರದು ಎಂದು ದೊಡ್ಡ ಬಹುಮತದಿಂದ ತೀರ್ಮಾನಿಸಿದ್ದರು. ಅದು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಕೋಟ್ಯಧೀಶರ ತಂಡಕ್ಕೆ ಜನರ ತೆರಿಗೆ ಏಕೆ ಎಂಬುದು ನ್ಯಾಯವಾದ ಪ್ರಶ್ನೆಯೇ.

2007ರ ಆಗಸ್ಟ್‌ನಲ್ಲಿ ಸಹಮಾಲೀಕ ಆಬ್ರಿ ಮೆಕ್ಲೆಂಡನ್, ಸಿಯಾಟಲ್‌ನಲ್ಲಿ ಇಟ್ಟುಕೊಳ್ಳಲೆಂದು ನಾವು ತಂಡ ಕೊಳ್ಳಲಿಲ್ಲ ಎಂಬ ಅರ್ಥದ ಮಾತನ್ನು ಪತ್ರಿಕೆಯೊಂದಕ್ಕೆ ಹೇಳಿಬಿಟ್ಟರು. ಲೀಗ್ ಅವರಿಗೆ 2.5 ಲಕ್ಷ ಡಾಲರ್ ದಂಡ ಹಾಕಿತು. ಆದರೆ 2008ರ ಏಪ್ರಿಲ್‌ನಲ್ಲಿ ಉಳಿದ ಮಾಲೀಕರು ಸ್ಥಳಾಂತರಕ್ಕೆ 28–2 ಮತಗಳಿಂದ ಒಪ್ಪಿಗೆ ಕೊಟ್ಟರು. ಅದೇ ತಿಂಗಳ 13ರಂದು ಸೂಪರ್‌ಸಾನಿಕ್ಸ್ ತವರಿನಲ್ಲಿ ಕೊನೆಯ ಪಂದ್ಯ ಆಡಿ ಡಲ್ಲಾಸ್ ತಂಡವನ್ನು ಸೋಲಿಸಿತು. ಆ ವರ್ಷ ಅತ್ಯುತ್ತಮ ಹೊಸ ಆಟಗಾರ ಎನಿಸಿಕೊಂಡ ಕೆವಿನ್ ಡ್ಯುರಾಂಟ್ ಸಿಯಾಟಲ್‌ನಲ್ಲಿ ಆಡಿದ್ದು ಒಂದೇ ಋತು.

ಇಲ್ಲಿ ಎರಡು ಮೊಕದ್ದಮೆಗಳು ನಡೆದವು. ನಾವು ಗಮನಿಸಬೇಕಾದ್ದು ಇದನ್ನೇ. ಪ್ರಾಮಾಣಿಕ ಪ್ರಯತ್ನ ಮಾಡಲಿಲ್ಲ, ಮಾರಾಟ ರದ್ದಾಗಲಿ ಎಂದು ಶುಲ್ಟ್ಸ್ ಕೋರ್ಟಿಗೆ ಹೋದರು, ಕೊನೆಗೆ ಕೈಬಿಟ್ಟರು. ನಗರಸಭೆ ಬೇರೆ ಕಾಗದ ಹಿಡಿದು ಹೋಯಿತು: ಕ್ರೀಡಾಂಗಣದ ಬಾಡಿಗೆ ಕರಾರು. ಅದರಲ್ಲಿ ತಂಡ 2010ರವರೆಗೆ ಅಲ್ಲೇ ಆಡಬೇಕು ಎಂದು ಸ್ಪಷ್ಟವಾಗಿ ಬರೆದಿತ್ತು. 2008ರ ಜುಲೈ 2ರಂದು, ನ್ಯಾಯಾಧೀಶರು ತೀರ್ಪು ಓದಬೇಕಿದ್ದ ದಿನವೇ ರಾಜಿಯಾಯಿತು. ಬೆನೆಟ್ 4.5 ಕೋಟಿ ಡಾಲರ್ ಕೊಟ್ಟು ತಂಡ ಒಯ್ದರು. ‘ಸೂಪರ್‌ಸಾನಿಕ್ಸ್’ ಹೆಸರು, ಹಸಿರು–ಹಳದಿ ಬಣ್ಣ ಸಿಯಾಟಲ್‌ನಲ್ಲೇ ಉಳಿದವು. ಹೊಸ ಊರಲ್ಲಿ ತಂಡ ‘ಥಂಡರ್’ ಆಯಿತು.

ಎಂಜಿನಿಯರಿಂಗ್ ವಿದ್ಯಾರ್ಥಿಯ ಕಣ್ಣಿಗೆ ಇದು ಸ್ಪಷ್ಟವಾಗಿ ಕಾಣುತ್ತದೆ. ‘ಪ್ರಾಮಾಣಿಕ ಪ್ರಯತ್ನ’ ಅಳೆಯಲು ಬರುವುದಿಲ್ಲ. 2010 ಎಂಬುದನ್ನು ಯಾರು ಬೇಕಾದರೂ ಓದಬಹುದು.

ಒಕ್ಲಹೋಮದವರನ್ನು ಖಳನಾಯಕರನ್ನಾಗಿ ಮಾಡುವುದೂ ಸರಿಯಲ್ಲ. ಕತ್ರಿನಾ ಚಂಡಮಾರುತದಿಂದ ನಿರಾಶ್ರಿತವಾದ ನ್ಯೂ ಆರ್ಲಿಯನ್ಸ್ ತಂಡಕ್ಕೆ 2005ರಿಂದ ಎರಡು ಋತು ಆಶ್ರಯ ಕೊಟ್ಟದ್ದು ಅದೇ ಊರು. ಕ್ರೀಡಾಂಗಣ ಸುಧಾರಣೆಗೆ ಅಲ್ಲಿನ ಮತದಾರರು ತೆರಿಗೆ ಕಟ್ಟಲು ತಾವೇ ಒಪ್ಪಿದರು. ಅಲ್ಲಿ ಹುಟ್ಟಿ ಬೆಳೆದ ನಮ್ಮ ವಯಸ್ಸಿನವರಿಗೆ ಥಂಡರ್ ಎಂದರೆ ತಮ್ಮದೇ ತಂಡ. ಅವರ ಕ್ರೀಡಾಂಗಣದಲ್ಲಿ 1979ರ ಬಾವುಟ ತೂಗುಹಾಕಿಲ್ಲ ಎಂಬುದು ನನಗೆ ಹಿಡಿಸಿತು.

ಉಳಿಸಿಕೊಂಡವರು

ಎಲ್ಲ ಊರುಗಳೂ ಕಳೆದುಕೊಳ್ಳಲಿಲ್ಲ. ಸಿಯಾಟಲ್‌ನಲ್ಲೇ ನೋಡಿ: ಸ್ಟಾರ್ಮ್ ಮಹಿಳಾ ತಂಡವೂ ಒಕ್ಲಹೋಮಕ್ಕೆ ಹೋಗುವುದಿತ್ತೇನೋ. 2008ರಲ್ಲಿ ಊರಿನ ನಾಲ್ವರು ಮಹಿಳೆಯರು ಸೇರಿ 1 ಕೋಟಿ ಡಾಲರ್‌ಗೆ ಅದನ್ನು ಕೊಂಡುಕೊಂಡರು. ಆ ನಂತರ ತಂಡ 2010, 2018 ಮತ್ತು 2020ರಲ್ಲಿ ಪ್ರಶಸ್ತಿ ಗೆದ್ದಿದೆ. ಪುರುಷರ ತಂಡಕ್ಕಾಗಿ ಊರಿಗೆ ಊರೇ ಗೋಳಾಡುತ್ತಿದ್ದಾಗ ಇವರು ಸದ್ದಿಲ್ಲದೆ ಸಹಿ ಹಾಕಿದ್ದರು.

ಇನ್ನೊಂದು ಉದಾಹರಣೆ ಸ್ಯಾಕ್ರಮೆಂಟೊ ಕಿಂಗ್ಸ್. ರಾಚೆಸ್ಟರ್, ಸಿನ್ಸಿನಾಟಿ, ಕಾನ್ಸಸ್ ಸಿಟಿ ಸುತ್ತಿ 1985ರಲ್ಲಿ ಸ್ಯಾಕ್ರಮೆಂಟೊ ಸೇರಿದ ತಂಡ ಅದು. 2013ರಲ್ಲಿ ಅದರ ಮಾಲೀಕರು ಮಾರಲು ಒಪ್ಪಿದ್ದು ಯಾರಿಗೆ? ಸಿಯಾಟಲ್‌ನವರಿಗೆ! ತಮ್ಮ ತಂಡ ಕಳೆದುಕೊಂಡು ಅತ್ತ ಊರು ಇನ್ನೊಂದು ಊರಿನ ತಂಡ ತರಲು ಹೊರಟಿತ್ತು. ಆಗ ಸ್ಯಾಕ್ರಮೆಂಟೊ ಮೇಯರ್, ಹಿಂದೆ ಎನ್‌ಬಿಎ ಆಟಗಾರರಾಗಿದ್ದ ಕೆವಿನ್ ಜಾನ್ಸನ್, ಸುಮ್ಮನೆ ಕೂರಲಿಲ್ಲ. ಅಭಿಮಾನಿಗಳು ಬೀದಿಗಿಳಿದರು, ನಗರ ಹೊಸ ಕ್ರೀಡಾಂಗಣಕ್ಕೆ ಹಣ ಹಾಕಲು ಒಪ್ಪಿತು, ಮೇಯರ್ ಬದಲಿ ಖರೀದಿದಾರರನ್ನು ಹುಡುಕಿ ತಂದರು. ಲೀಗ್ ಮಾಲೀಕರು 22–8 ಮತಗಳಿಂದ ಸ್ಥಳಾಂತರ ತಿರಸ್ಕರಿಸಿದರು. ತಂಡ ಕೊಂಡ ಗುಂಪಿನ ಮುಖ್ಯಸ್ಥ ಮುಂಬೈನಲ್ಲಿ ಬೆಳೆದ ಎಂಜಿನಿಯರ್, ಸಾಫ್ಟ್‌ವೇರ್ ಉದ್ಯಮಿ ವಿವೇಕ್ ರಣದಿವೆ. 2019ರ ಅಕ್ಟೋಬರ್‌ನಲ್ಲಿ ಭಾರತದ ಮೊದಲ ಎನ್‌ಬಿಎ ಪಂದ್ಯಗಳು ಮುಂಬೈನಲ್ಲಿ ನಡೆದವಲ್ಲ, ಅದರಲ್ಲಿ ಪೇಸರ್ಸ್ ವಿರುದ್ಧ ಆಡಿದ್ದು ಇದೇ ಕಿಂಗ್ಸ್.

ಷಾರ್ಲಟ್ ನಗರದ ಕಥೆ ಇನ್ನೂ ಬೇರೆ. 2002ರಲ್ಲಿ ಅಲ್ಲಿನ ‘ಹಾರ್ನೆಟ್ಸ್’ ನ್ಯೂ ಆರ್ಲಿಯನ್ಸ್‌ಗೆ ಹೋಯಿತು. 2004ರಲ್ಲಿ ಹೊಸ ತಂಡ ಬಂತು, ಹೆಸರು ‘ಬಾಬ್‌ಕ್ಯಾಟ್ಸ್’. ನ್ಯೂ ಆರ್ಲಿಯನ್ಸ್‌ನವರು ‘ಪೆಲಿಕನ್ಸ್’ ಎಂದು ಹೆಸರು ಬದಲಿಸಿಕೊಂಡ ಮೇಲೆ 2014ರಲ್ಲಿ ಷಾರ್ಲಟ್‌ಗೆ ಹಳೆಯ ಹೆಸರು ವಾಪಸ್ ಸಿಕ್ಕಿತು. ಜತೆಗೆ 1988ರಿಂದ 2002ರವರೆಗಿನ ದಾಖಲೆಗಳೂ! ನೋಡಿ, ಚರಿತ್ರೆಯನ್ನೂ ಪತ್ರ ಬರೆದು ವರ್ಗಾಯಿಸಬಹುದು.

ನಮ್ಮೂರಿನಲ್ಲಿ ನಡೆದದ್ದು

ಇಷ್ಟು ದೂರದ ಕಥೆ ನನಗೇಕೆ ಇಷ್ಟು ತಟ್ಟಿತು ಎಂದರೆ, ನಾನು ಬ್ಯಾಸ್ಕೆಟ್‌ಬಾಲ್ ಕಲಿತದ್ದು ನಮ್ಮೂರಿನ ಒಂದು ಸಿಮೆಂಟ್ ಕೋರ್ಟಿನಲ್ಲಿ. ಎರಡು ಕಬ್ಬಿಣದ ಕಂಬ, ಸಂಜೆ ಹೊತ್ತು ನಲವತ್ತು ಮಕ್ಕಳು, ಸಂಬಳವಿಲ್ಲದೆ ಕಲಿಸುತ್ತಿದ್ದ ಮೇಷ್ಟ್ರು. ಜಾಗ ಒಬ್ಬ ಹಿರಿಯರದ್ದು. ‘ಆಡ್ಕೊಳ್ಳಿ ಮಕ್ಳಾ’ ಎಂದು ಬಾಯಿಮಾತಲ್ಲಿ ಬಿಟ್ಟುಕೊಟ್ಟಿದ್ದರು. ಅವರು ತೀರಿಕೊಂಡ ಮೇಲೆ ಜಾಗ ಕೈ ಬದಲಾಯಿತು. ನಾನು ಪಿಯುಸಿಯಲ್ಲಿದ್ದಾಗ ಮೇಷ್ಟ್ರು ನಾಲ್ಕು ಜನರನ್ನು ಕರೆದುಕೊಂಡು ಹೊಸ ಮಾಲೀಕರ ಮನೆಗೆ ಹೋದರು. ಅವರು ಕಾಫಿ ಕೊಟ್ಟು, ಬೈಯದೆ ಗದರದೆ, ಒಂದೇ ಮಾತು ಕೇಳಿದರಂತೆ: ‘ಬರಹದಲ್ಲಿ ಏನಾದ್ರೂ ಇದೆಯಾ ಮೇಷ್ಟ್ರೇ?’ ಏನೂ ಇರಲಿಲ್ಲ. ಈಗ ಅಲ್ಲಿ ಗೋದಾಮು ಇದೆ.

ಹೊಸ ಮಾಲೀಕರ ಮೇಲೆ ನನಗೆ ಸಿಟ್ಟಿಲ್ಲ. ಜಾಗ ಅವರದ್ದು. ಆದರೆ ಹದಿನೈದು ವರ್ಷ ಅಲ್ಲಿ ಬೆವರು ಸುರಿಸಿದವರಿಗೆ ‘ಇದು ನಮ್ಮದೂ ಹೌದು’ ಎಂದು ಹೇಳಲು ಒಂದು ಸಾಲೂ ಇರಲಿಲ್ಲ ಎಂಬುದು ಇಂದಿಗೂ ಚುಚ್ಚುತ್ತದೆ. ಸಿಯಾಟಲ್ ಜನರ ಬಳಿ ಕೊನೇ ಪಕ್ಷ ಒಂದು ಬಾಡಿಗೆ ಕರಾರು ಇತ್ತು.

ಗೆಳೆಯರೇ, ನಾವು ಇನ್ನೊಂದು ವರ್ಷಕ್ಕೆ ಪ್ಲೇಸ್‌ಮೆಂಟ್ ಸಾಲಿನಲ್ಲಿ ನಿಲ್ಲುವವರು. ನಾವು ಸೇರುವ ಕಂಪನಿಗಳೂ ಮಾರಾಟವಾಗುತ್ತವೆ, ವಿಲೀನವಾಗುತ್ತವೆ, ಹೆಸರು ಬದಲಿಸುತ್ತವೆ. ಬೆಳಿಗ್ಗೆ ಒಂದು ಐ.ಡಿ. ಕಾರ್ಡ್ ಹಾಕಿಕೊಂಡು ಹೋದವರು ಸಂಜೆ ಇನ್ನೊಂದರ ಜತೆ ಮರಳುವುದು ಹೊಸದೇನಲ್ಲ. ಕಂಪನಿಯನ್ನು ಪ್ರೀತಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಪ್ರೀತಿ ಇಲ್ಲದೆ ಒಳ್ಳೆಯ ಕೆಲಸ ಆಗುವುದಿಲ್ಲ. ಆದರೆ ಆಫರ್ ಲೆಟರ್ ಕೈಗೆ ಬಂದಾಗ ಸಂಬಳದ ಅಂಕಿಯನ್ನಷ್ಟೇ ನೋಡಿ ಸಹಿ ಹಾಕಬೇಡಿ. ಸರ್ವಿಸ್ ಬಾಂಡ್ ಎಷ್ಟು ವರ್ಷ, ಸೇರುವ ತಾರೀಖು ಬರೆದಿದೆಯೇ, ಬಿಡಿಸಿದರೆ ಎಷ್ಟು ದಿನದ ನೋಟಿಸ್, ವರ್ಗಾವಣೆಯ ಷರತ್ತು ಏನು, ಎಲ್ಲವನ್ನೂ ಓದಿ. ‘ನೋಡೋಣ’, ‘ಪರಿಗಣಿಸುತ್ತೇವೆ’, ‘ಪ್ರಯತ್ನಿಸುತ್ತೇವೆ’ ಎಂಬ ಪದಗಳು ಕಂಡಲ್ಲಿ ತಾರೀಖು ಕೇಳಿ, ಅಂಕಿ ಕೇಳಿ. ಮರ್ಯಾದೆಯಿಂದ ಕೇಳಿದರೆ ಯಾರೂ ಸಿಟ್ಟಾಗುವುದಿಲ್ಲ. ಉಳಿದದ್ದು ನಮ್ಮ ಕೈಕಸುಬು. ಡ್ಯುರಾಂಟ್ ಊರು ಬದಲಿಸಿದಾಗ ಜೆರ್ಸಿ ಬದಲಾಯಿತು, ಅವರ ಶಾಟ್ ಬದಲಾಗಲಿಲ್ಲ.

ನಮ್ಮ ಕ್ಲಬ್ ಸತ್ತಿಲ್ಲ. ಕಳೆದ ವರ್ಷ ಮೇಷ್ಟ್ರ ಹಳೆಯ ಶಿಷ್ಯರೆಲ್ಲ ಸೇರಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಅದನ್ನು ನೋಂದಾಯಿಸಿದೆವು. ಸಹಿ ಹಾಕಿದವರಲ್ಲಿ ನಾನೇ ಕಿರಿಯ. ಊರಿನ ಶಾಲೆಯೊಂದು ತನ್ನ ಕೋರ್ಟನ್ನು ಸಂಜೆ 5ರಿಂದ 7ರವರೆಗೆ ಮಕ್ಕಳಿಗೆ ಬಿಟ್ಟುಕೊಡಲು ಒಪ್ಪಿದೆ. ಈ ಸಲ ಐದು ವರ್ಷ ಎಂದು ಬರೆಸಿಕೊಂಡಿದ್ದೇವೆ. ಮುದ್ರೆಯೂ ಬಿದ್ದಿದೆ.